ಕೊನೆಯ ಸಾಲು ಇನ್ನೊಮ್ಮೆ

“ಸಾರ್, ಒಂದು ಮಾತಿತ್ತು” ಎಂದು ಔಷಧಿ ಅಂಗಡಿಯಾಕೆ ಮೆಟ್ಟಿಲ ಮೇಲೇ ಕವಿಬಳಗದ ಅಧ್ಯಕ್ಷರನ್ನು ತಡೆದಳು.

“ಏನಿದ್ರೂ ಕವಿತೇಲಿ ಹೇಳಮ್ಮಾ” ಎಂದು ನಗುತ್ತಾ, ವೃತ್ತಿಯಲ್ಲಿ ದಂತವೈದ್ಯರಾದ ಅವರು ಮೇಲೆ ಹೋಗಿಯೇಬಿಟ್ಟರು.

ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಭಾನುವಾರ ಸಂಜೆ ಕವಿಗಳು ಸೇರುತ್ತಿದ್ದರು. ಬಳಗದ ಕಟ್ಟಳೆ ಎರಡೇ: ಯಾರ ಕವಿತೆಯಲ್ಲೂ ಹುಳುಕು ಹುಡುಕಬಾರದು, ಒಳ್ಳೆಯ ಸಾಲು ಬಂದರೆ ‘ಇನ್ನೊಮ್ಮೆ’ ಎಂದು ಓದಿಸಬೇಕು. ವಿಮೆ ಏಜೆಂಟರಂತೂ ಕವಿ ಎದ್ದು ನಿಲ್ಲುವ ಮೊದಲೇ ‘ಆಹಾ’ ಎಂದುಬಿಡುತ್ತಿದ್ದರು. ಎಲ್ಲರ ಬಾಯಲ್ಲೂ ಅವರು ಆಹಾ ಅಣ್ಣ. ನಿಮ್ಮದನ್ನು ನಾನು ಹೊಗಳುವುದು, ನನ್ನದನ್ನು ನೀವು ಹೊಗಳುವುದು, ಆಮೇಲೆ ಎಲ್ಲರೂ ಸೇರಿ ಚಹಾ ಕುಡಿಯುವುದು. ಯಾರಿಗೂ ನಷ್ಟವಿಲ್ಲ ಬಿಡಿ.

ಔಷಧಿ ಅಂಗಡಿಯಾಕೆಯನ್ನು ಗಂಡ ಒಬ್ಬಳನ್ನೇ ಬಿಡುತ್ತಿದ್ದುದು ಈ ಕೋಣೆಯೊಳಗೆ ಮಾತ್ರ. ಔಷಧಿ ಅಂಗಡಿ ಅವನ ಅಣ್ಣನದು, ಅವಳ ಫೋನು ಅವನ ಜೇಬಿನಲ್ಲಿ. ಇಲ್ಲಿಗೆ ಬಂದಾಗ ಅವನು ಕೆಳಗೆ ಸ್ಕೂಟರಿನ ಮೇಲೆ ಕೂತು ಕಾಯುತ್ತಿದ್ದ. ಕೋಣೆಗೆ ಹಿಂದೆ ಇನ್ನೊಂದು ಮೆಟ್ಟಿಲಿತ್ತು. ಆ ಸಂಜೆ ಅವಳು ಒಂದು ಜೊತೆ ಬಟ್ಟೆಯನ್ನು ಕೈಚೀಲದಲ್ಲಿ ತುರುಕಿಕೊಂಡೇ ಬಂದಿದ್ದಳು.

ಅವಳ ಸರದಿ ಬಂತು. ಕೈಯಲ್ಲಿ ಹಾಳೆ ಇರಲಿಲ್ಲ.

“ಇವತ್ತು ನಾನು ಮನೆಗೆ ಹೋಗೋ ಹಾಗಿಲ್ಲ. ಹೋದ್ರೆ ಈ ಸಲ ಅವನು ಬರೀ ಕೈ ಮುರಿದು ಸುಮ್ಮನಾಗಲ್ಲ. ಹಿಂದಿನ ಮೆಟ್ಟಿಲಿಳಿದು ಯಾರ ಜೊತೆಗಾದ್ರೂ ಬರ್ತೀನಿ. ಒಂದು ರಾತ್ರಿ ಮಲಗೋಕೆ ಜಾಗ ಕೊಡ್ತೀರಾ?”

ಆ ಗಳಿಗೆಯಲ್ಲಿ ಅಲ್ಲಿದ್ದವರಿಗೆಲ್ಲ ಅರ್ಥವಾಗಿತ್ತು, ಬೇಕಾದರೆ ಆಣೆ ಮಾಡಿ ಹೇಳುತ್ತೇನೆ. ಯಾರಾದರೂ ಬಾಯಿಬಿಟ್ಟರೆ ಜವಾಬ್ದಾರಿ ಅವರ ತಲೆಗೇ ಬರುತ್ತಿತ್ತು. ಆಹಾ ಅಣ್ಣ ಎಲ್ಲರನ್ನೂ ಕಾಪಾಡಿದರು.

“ಆಹಾ! ಕೊನೇ ಸಾಲು ಇನ್ನೊಮ್ಮೆ!”

ಚಪ್ಪಾಳೆ ಬಿತ್ತು.

“ಇದು ಕವಿತೆ ಅಲ್ಲಣ್ಣಾ.”

“ನೋಡಿದ್ರಾ ಈಯಮ್ಮನ ದೊಡ್ಡತನಾನ! ನಾವು ತಿಣುಕಿ ತಿಣುಕಿ ಬರೆದ್ರೂ ಕವಿತೆ ಆಗಲ್ಲ, ಇವಳು ಅಲ್ಲ ಅಂದ್ರೂ ಆಗುತ್ತೆ!”

ಅವಳು ಕುರ್ತಾದ ತೋಳನ್ನು ಮೇಲೆ ಸರಿಸಿದಳು. ಮಣಿಕಟ್ಟು ಊದಿ ನೀಲಿಗಟ್ಟಿತ್ತು. “ಒಂದೇ ರಾತ್ರಿ. ಜಾಗ ಕೊಡ್ತೀರಾ?” ಎಂದು ಒಬ್ಬೊಬ್ಬರ ಮುಖ ನೋಡಿ ಕೇಳಿದಳು. ಈ ಸಲದ ಚಪ್ಪಾಳೆ ಇನ್ನೂ ಜೋರಾಗಿತ್ತು. ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ಮುಂದಿನವರು ಯಾರಪ್ಪಾ?” ಎಂದರು.

ಟೀಚರಕ್ಕ ಎದ್ದು ಬಂದರು. ತಮ್ಮ ಖಾಲಿ ಮನೆಯ ಬಗ್ಗೆ, ಬೀಗ ಹಾಕಿದ ಕೋಣೆಗಳ ಬಗ್ಗೆ ವಾರವಾರವೂ ಕವಿತೆ ಓದುತ್ತಿದ್ದವರು ಅವರು. ಔಷಧಿ ಅಂಗಡಿಯಾಕೆ ಕೈಚೀಲವನ್ನು ಹೆಗಲಿಗೇರಿಸಿಕೊಂಡಳು. ಟೀಚರಕ್ಕ ಅವಳನ್ನು ತಬ್ಬಿಕೊಂಡು ಕಿವಿಯಲ್ಲಿ ಹೇಳಿದರು:

“ಈ ನೋವನ್ನ ಮಾತ್ರ ಬಿಟ್ಟುಕೊಡಬೇಡ ಕಣಮ್ಮಾ. ಇಂಥದ್ದು ನಮಗೆಲ್ಲಾ ಎಲ್ಲಿ ಸಿಗುತ್ತೆ?”

ಕೆಳಗೆ ಸ್ಕೂಟರಿನ ಹಾರ್ನ್ ಕೇಳಿಸಿತು. ಹಿಂದಿನ ಬಾಗಿಲನ್ನು ಒಮ್ಮೆ ನೋಡಿ ಅವಳು ಮುಂದಿನ ಮೆಟ್ಟಿಲನ್ನೇ ಇಳಿದಳು. ಹಿಂದಿನಿಂದ ಇಳಿದು ಹೋಗುವುದಾದರೂ ಎಲ್ಲಿಗೆ?

ಗಂಡ ಸ್ಕೂಟರ್ ಚಾಲೂ ಮಾಡಿ, ಅವಳು ಹತ್ತಿ ಕೂರುವವರೆಗೂ ಕಾದ.

“ಇವತ್ತು ಚಪ್ಪಾಳೆ ಇಲ್ಲೀವರೆಗೂ ಕೇಳಿಸ್ತು, ಅದೂ ಎರಡೆರಡು ಸಲ” ಎಂದ. “ಮನೆಗೆ ನಡಿ. ಅದೇನು ಓದಿದ್ಯೋ, ನಂಗೂ ಓದಿ ಹೇಳುವೆಯಂತೆ.”