ಬಣ್ಣವಿಲ್ಲದ ಮೇಲ್

"ನಿಮ್ಮನ್ನು ಆಯ್ಕೆ ಮಾಡಿಲ್ಲ" ಎಂದು ಕಂಪ್ಯೂಟರ್ ಮೇಲ್ ಓದಿ ಹೇಳಿದಾಗ, ಹುಟ್ಟಿನಿಂದ ಕಣ್ಣು ಕಾಣದ ಕುಮುದಿನಿಗೆ ಮೈಯೆಲ್ಲ ಉರಿಯಿತು. ಸಂದರ್ಶನದಲ್ಲಿ ಬಾಯಿ ತುಂಬ ಹೊಗಳಿದವರೇ ಕೈಕೊಟ್ಟಿದ್ದರು. ಕೂಡಲೇ ಕಂಪನಿಗೆ ಫೋನ್ ಮಾಡಿದಳು.

"ಕಣ್ಣಿಲ್ಲ ಅಂತ ತಾನೇ ಬೇಡ ಅಂದಿದ್ದು?"

"ಅಯ್ಯೋ, ನೀವು ಸೆಲೆಕ್ಟ್ ಆಗಿದ್ದೀರಿ ಮೇಡಂ! ಮೇಲಲ್ಲಿ ಬಣ್ಣದಲ್ಲಿ ದೊಡ್ಡದಾಗಿ ಹಾಕಿದೀವಲ್ಲ" ಎಂದ ಅಧಿಕಾರಿ.

"ನನ್ನ ಕಂಪ್ಯೂಟರ್ ಓದೋದು ಅದರ ಜೊತೆ ಬರೋ ಬರೀ ಅಕ್ಷರದ ಪ್ರತಿನ."

"ಓ, ಪ್ಲೇನ್ ಟೆಕ್ಸ್ಟಾ? ಅದರಲ್ಲಿ ಆಯ್ಕೆಯಾಗದವರಿಗೆ ಕಳಿಸಿದ ಹಳೇ ಒಕ್ಕಣೆ ಉಳಿದಿರಬೇಕು. ಅದನ್ನೆಲ್ಲ ಯಾರು ಓದ್ತಾರೆ ಬಿಡಿ!"

ಕುಮುದಿನಿ ಸಿಟ್ಟಿನಿಂದ ದನಿ ಏರಿಸಿದಳು. "ನನಗೆ ಕೊಟ್ಟಿರೋ ಕೆಲಸ ಏನು ಅಂತ ಗೊತ್ತಾ ನಿಮಗೆ? ನಿಮ್ಮ ಬಣ್ಣದ ಮೇಲಲ್ಲೇ ಇರುತ್ತಲ್ಲ, ಗಟ್ಟಿಯಾಗಿ ಓದಿ."

ಓದತೊಡಗಿದವನು ನಡುವೆಯೇ ತಡವರಿಸಿದ: "ನಮ್ಮ ಮೇಲ್‌ಗಳು... ಅಂಧರಿಗೂ ಸರಿಯಾಗಿ... ತಲುಪುವಂತೆ ನೋಡಿಕೊಳ್ಳುವುದು."