ಕೂಮನಿಗೆ ಮತವಿಲ್ಲ

"ಡಾಕ್ಟರೇ, ನೀವು ಹೊರಗೆ ಹೋಗ್ಬೇಕು," ದೆಸಾಂಕಾ ಎರಡನೆಯ ಸಲ ಹೇಳಿದಳು. ರಾಡೋಯೆ ಕುರ್ಚಿ ಬಿಟ್ಟು ಏಳಲಿಲ್ಲ.

ಕೋಟರ್ ಊರಿನ ಮಕ್ಕಳ ನಿಧಿ ಹೃದಯದ ಶಸ್ತ್ರಚಿಕಿತ್ಸೆಗೆಂದು ಈ ವರ್ಷ ಇಟಲಿಗೆ ಕಳಿಸಬಹುದಾದದ್ದು ಒಂದೇ ಮಗುವನ್ನು. ಕೊನೆಗೆ ಉಳಿದವರು ಇಬ್ಬರು: ಮೇಯರ್ ಚಾಲಕನ ಮಗಳು ಕ್ಸೇನಿಯಾ, ಶಾಲಾ ಮೇಷ್ಟರ ಮಗ ವಾಸೋ. ಆರಿಸುವ ಮೂವರಲ್ಲಿ ರಾಡೋಯೆ ಒಬ್ಬನೇ ವೈದ್ಯ. ಅವನು ಬಾಯಿಬಿಟ್ಟ ಮೇಲೆ ನೇದಾ, ಸ್ತಾಂಕೋ ಇಬ್ಬರೂ ತಲೆಯಾಡಿಸುವುದು ವಾಡಿಕೆ. ಅದಕ್ಕೇ ಊರಲ್ಲಿ ಗುಸುಗುಸು ಎದ್ದಿತ್ತು. ನಿಯಮ ರೂಪಿಸಿ, ಸಭೆಯಲ್ಲಿ ಕೂತು ಸಲಹೆ ಕೊಡಲೆಂದು ರಾಜಧಾನಿ ಪೊಡ್ಗೊರಿತ್ಸಾದಿಂದ ದೆಸಾಂಕಾಳನ್ನು ಕರೆಸಿದ್ದರು. ಇಲ್ಲಿ ಯಾರ ಪೈಕಿಯೂ ಅಲ್ಲದವಳು ಎಂಬುದೇ ಊರಿನವರ ಕಣ್ಣಲ್ಲಿ ಅವಳ ಹೆಚ್ಚುಗಾರಿಕೆ.

ಕೊನೆಯ ಎರಡು ಹೆಸರು ಬೆಳಿಗ್ಗೆ ತಿಳಿದಾಗಿನಿಂದ ಅವಳು ಕೂತಲ್ಲಿ ಕೂರುತ್ತಿರಲಿಲ್ಲ, ನಿಂತಲ್ಲಿ ನಿಲ್ಲುತ್ತಿರಲಿಲ್ಲ.

"ವಾಸೋ ನನಗೆ ರಕ್ತಸಂಬಂಧ ಅಲ್ಲ," ರಾಡೋಯೆ ಹೇಳಿದ.

"ನೀವು ಅವನ ಕೂಮ್, ಧರ್ಮದ ತಂದೆ. ದೀಕ್ಷಾಸ್ನಾನದ ದಿನ ಮಗೂನ ಎತ್ಕೊಂಡು ನಿಂತಿದ್ದು ನೀವೇ ತಾನೆ?"

"ನಿಂತಿದ್ನೋ ಇಲ್ವೋ, ನಿಮಗೇ ಗೊತ್ತಲ್ಲ."

ಮಗುವಿನ ನೆಂಟರಂತೆ ಕೂಮನೂ ಸಭೆಯಿಂದ ಏಳಬೇಕು ಎಂಬ ಸಾಲನ್ನು ಅವಳು ಅಂದು ಬೆಳಿಗ್ಗೆಯಷ್ಟೇ ಸೇರಿಸಿದ್ದಳು. ಹೊರದೇಶದಿಂದ ತಂದ ಮಾದರಿಯಲ್ಲಿ ಅಣ್ಣತಮ್ಮ, ಭಾವಮೈದುನ ಎಲ್ಲರೂ ಇದ್ದರು, ಕೂಮ ಮಾತ್ರ ಇರಲಿಲ್ಲ. ಈ ಕಡೆ ಅಣ್ಣನ ಮಾತನ್ನಾದರೂ ತೆಗೆದುಹಾಕಬಹುದು, ಕೂಮನ ಮಾತನ್ನು ತೆಗೆದುಹಾಕಿದವರು ಯಾರಿದ್ದಾರೆ?

"ಮೇಯರ್ ಕಡೆಯವರು ಚೆನ್ನಾಗಿ ನೋಡ್ಕೊಂಡಿರ್ಬೇಕು ಇವಳನ್ನ," ನೇದಾ ಸ್ತಾಂಕೋನ ಕಿವಿಯಲ್ಲಿ ಹೇಳಿದಳು. "ಮುಖ ನೋಡು, ಹೇಗೆ ಬೆವರ್ತಿದ್ದಾಳೆ."

ದೆಸಾಂಕಾಳಿಗೆ ಅದು ಕೇಳಿಸಿತು. ನಿಯಮದ ಹಾಳೆ ತಿರುವಿದಳು.

"ಆ ಹುಡುಗಿ ಒಂದು ವರ್ಷ ಕಾಯಬಹುದು," ರಾಡೋಯೆ ಹೇಳಿದ. "ಹುಡುಗನ ಗುಂಡಿಗೆ ಅಲ್ಲಿವರೆಗೆ ತಡೆಯಲ್ಲ. ಕೂಮನಾಗಿ ಅಲ್ಲ, ಡಾಕ್ಟರಾಗಿ ಹೇಳ್ತಿದ್ದೀನಿ."

"ಅದನ್ನ ಬೇರೆ ಡಾಕ್ಟರ್ ಹೇಳ್ಲಿ."

"ಬೇರೆಯವ್ರನ್ನ ಎಲ್ಲಿಂದ ತರೋಣ ಮೇಡಂ?" ಸ್ತಾಂಕೋ ಗೊಣಗಿದ. "ಇಟಲಿಯವ್ರಿಗೆ ಇವತ್ತೇ ಹೆಸರು ಹೋಗ್ಬೇಕು."

ದೆಸಾಂಕಾ ಎರಡು ಅರ್ಜಿಗಳನ್ನೂ ಅವರ ಮುಂದೆ ತಳ್ಳಿದಳು. "ಹಾಗಾದ್ರೆ ನೀವಿಬ್ಬರೇ ತೀರ್ಮಾನ ಮಾಡಿ."

ರಾಡೋಯೆ ಎದ್ದ. "ಸರಿ, ಹೋಗ್ತೀನಿ. ಈ ಕೋಣೇಲಿ ಏಳಬೇಕಾದವನು ನಾನೊಬ್ಬನೇನಾ ಅಂತ ನಿಮ್ಮನ್ನ ನೀವೇ ಕೇಳ್ಕೊಳ್ಳಿ."

ನೇದಾ ಸ್ತಾಂಕೋನ ಕಾಲು ತಿವಿದಳು. ನೋಡಿದೆಯಾ ಎಂಬಂತೆ.

ಅವನಿಲ್ಲದೆ ಮಾತು ಬೇಗ ಮುಗಿಯಿತು. ಚಾಲಕನನ್ನು ಇಬ್ಬರೂ ದಿನಾ ನೋಡುವವರು, ಅವನ ಮಗಳನ್ನು ಎತ್ತಿ ಆಡಿಸಿದವರು. ಮೇಷ್ಟರ ಮನೆಯವರ ಪರಿಚಯ ಅಷ್ಟಾಗಿ ಇರಲಿಲ್ಲ. ದೆಸಾಂಕಾ ಬೆನ್ನು ತಿರುಗಿಸಿ ಕಿಟಕಿಯ ಹತ್ತಿರ ನಿಂತೇ ಇದ್ದಳು. ಎಲ್ಲವೂ ನಿಯಮದ ಪ್ರಕಾರವೇ ನಡೆದಿತ್ತು.

ಹೊರಗೆ ಬೆಂಚಿನ ಮೇಲೆ ವಾಸೋನ ತಾಯಿ ಕೂತಿದ್ದಳು, ಪಕ್ಕದಲ್ಲಿ ರಾಡೋಯೆ. ಮೇಡಂಗೆ ಈಗ ಸರಿಯಾಗಿ ಮಂಗಳಾರತಿಯಾಗುತ್ತದೆ ಎಂದು ನೇದಾ ಬೇಕೆಂದೇ ಬಾಗಿಲಲ್ಲಿ ನಿಂತಳು.

"ಹುಡುಗಿ ಹೆಸರು ಆಯ್ತು," ದೆಸಾಂಕಾ ಹೇಳಿದಳು.

ಆ ತಾಯಿ ಅವಳನ್ನೇ ನೋಡುತ್ತಾ ಮೆಲ್ಲಗೆ ಎದ್ದಳು. "ನಿನ್ನ ಹೆಸರು ಕೆಡಬಾರ್ದು ಅಂತ ನಿನ್ನ ಸ್ವಂತ ಮೊಮ್ಮಗನನ್ನೇ ಬಿಟ್ಕೊಟ್ಯಲ್ಲಮ್ಮ."