ಅಜ್ಜಿ ಗೆದ್ದ ಡಲ್ಲಾಸ್

ಮಗಳು ಬರೆದ ಚಿತ್ರ ಮಾವನವರ ಕಣ್ಣಿಗೆ ಬೀಳದಂತೆ ಎಲ್ಲಿಡುವುದೆಂದು ತೋಚದೆ, ಇಂದುಮತಿ ಅದನ್ನು ಸುರುಳಿ ಸುತ್ತಿ ದೇವರ ಮನೆಯ ಮೂಲೆಯ ಹಳೆಯ ಕ್ಯಾಲೆಂಡರುಗಳ ನಡುವೆ ಸಿಕ್ಕಿಸಿದಳು. ದೇವರ ಪಟವಿರುವ ಕ್ಯಾಲೆಂಡರನ್ನು ಕಸಕ್ಕೆ ಹಾಕುವಂತಿಲ್ಲ. ಡಲ್ಲಾಸ್ ಪಕ್ಕದ ಫ್ರಿಸ್ಕೋಗೆ ಬಂದಾಗಿನಿಂದ ಅವು ಅಲ್ಲಿ ಬೆಳೆಯುತ್ತಲೇ ಇದ್ದವು, ಯಾರೂ ಮುಟ್ಟುತ್ತಿರಲಿಲ್ಲ. ಮರುದಿನ ಬೆಳಿಗ್ಗೆಯೇ ಮಾವ ಬದರಿನಾಥರು ಮುಟ್ಟಿದರು. ಮಗನ ಸ್ನೇಹಿತ ಶಶಿಕಾಂತ್ ಹ್ಯೂಸ್ಟನ್ ಕಡೆಗೆ ಹೊರಟಿದ್ದ. "ಅಲ್ಲಿಂದ ಸಮುದ್ರ ಹತ್ತಿರ, ಕೊಡಿ ಅಂಕಲ್, ನಾನೇ ನೀರಿಗೆ ಬಿಟ್ಟು ಬರ್ತೀನಿ" ಎಂದಿದ್ದ.

ಬದರಿನಾಥರು ಒಂದೊಂದನ್ನೂ ಬಿಚ್ಚಿ ಅಕ್ಷತೆ ಹಾಕಿ, ಕಣ್ಣು ಮುಚ್ಚಿ ಕೈ ಮುಗಿದು, ಮತ್ತೆ ಸುತ್ತಿಡುತ್ತಿದ್ದರು. ವೆಂಕಟರಮಣನಿಗಾಯಿತು, ನರಸಿಂಹನಿಗಾಯಿತು, ರಾಯರಿಗಾಯಿತು. ಮುಂದಿನದಕ್ಕೂ ಅಕ್ಷತೆ ಹಾಕಿ, ಕೈ ಮುಗಿದು ಕಣ್ಣು ತೆರೆದರೆ, ಎದುರಿಗೆ ತೀರಿಕೊಂಡ ಹೆಂಡತಿ ತುಂಗಮ್ಮ. ತಲೆಗೆ ಸೇನಾಪತಿಯ ಟೋಪಿ, ಎದೆಯ ತುಂಬ ಪದಕ, ಕೈಯಲ್ಲಿ ಸೌಟು.

"ಇಂದೂ" ಎಂದು ಕರೆದರು. ಹೆಂಡತಿಯ ಮಾಸಿಕ ಶ್ರಾದ್ಧದ ಅಡಿಗೆಯ ವಿಷಯ ಬಿಟ್ಟು ಅವರು ಬೇರೆ ಮಾತಾಡಿ ಬಹಳ ಕಾಲವಾಗಿತ್ತು. ಇಂದುಮತಿ ಓಡಿ ಬಂದವಳು ಚಿತ್ರ ನೋಡಿ ಬಾಗಿಲಲ್ಲೇ ನಿಂತಳು.

"ತಪ್ಪಾಯ್ತು ಮಾವ. ಅವಳಿಗಿನ್ನೂ ತಿಳಿಯಲ್ಲ. ಬೇಡ ಅಂತ ಹೇಳಾಗಿದೆ, ಚಿತ್ರಸ್ಪರ್ಧೆಗೆ ಅಂತ ಆಸ್ಟಿನ್‌ಗೆ ಕಳಿಸಲ್ಲ."

"ಅಮ್ಮಾ! ಮಂಡೇ ಕೊಡ್ಲೇಬೇಕು. ಇಡೀ ಸ್ಕೂಲಿಂದ ನಂದೊಂದೇ ಸೆಲೆಕ್ಟ್ ಆಗಿರೋದು!" ಎಂದು ಹಿಂದಿನಿಂದ ಸಿಯಾ ಕೂಗಿದಳು.

"ಆದ್ರೆ? ಅಜ್ಜಿ ಹೋಗಿ ವರ್ಷ ತುಂಬಿಲ್ಲ, ಅವರನ್ನ ಶತ್ರು ಅಂತ ಬರೆದು ಊರಿಗೆಲ್ಲ ತೋರಿಸ್ತೀಯಾ? ಬರೆದಿದ್ದು ಮಗಳು, ಹೇಳಿಕೊಟ್ಟಿದ್ದು ಸೊಸೆ ಅಂತಾರೆ ಜನ!"

"ಯಾರಿಗೆ ಶತ್ರು?" ಎಂದರು ಬದರಿನಾಥರು.

"ಡಲ್ಲಾಸ್‌ಗೆ, ತಾತ. ಹಿಂದೆ ವಾರ್ ನಡೀವಾಗ ಆರ್ಟಿಸ್ಟ್ಸ್ ಹೀಗೆ ಬರೀತಿದ್ರಂತೆ. ಎನಿಮಿ ಬಂದು ನಮ್ಮ ಸಿಟಿ ಹಿಡಿದುಬಿಟ್ರೆ ಹೇಗಿರತ್ತೆ ಅಂತ. ಚರ್ಚ್ ಮೇಲೆ ಅವರ ಫ್ಲ್ಯಾಗ್, ಪಾರ್ಕಲ್ಲಿ ಅವರ ರಾಜನ ಸ್ಟ್ಯಾಚ್ಯೂ. ಜನ ಹೆದರ್ಕೊಂಡೇ ನಗ್ತಿದ್ರಂತೆ. ಮಿಸ್ ನಮ್ಮ ಸಿಟಿ ಬರೀರಿ ಅಂದ್ರು. ಆದ್ರೆ ನಿಜವಾದ ದೇಶ ಹಾಕೋ ಹಾಗಿಲ್ಲ, ಕ್ಲಾಸಲ್ಲಿ ಎಲ್ಲಾ ದೇಶದೋರೂ ಇದ್ದಾರೆ. ಒಬ್ಬ ಇರುವೆ ಹಾಕ್ದ. ಒಬ್ಬಳು ರೋಬೋಟ್." ಸಿಯಾ ಅಮ್ಮನ ಮುಖ ನೋಡಿ ದನಿ ತಗ್ಗಿಸಿದಳು. "ನಂಗೆ ಗೊತ್ತಿರೋ ಸ್ಟ್ರಾಂಗ್ ಗವರ್ನಮೆಂಟ್ ಅಜ್ಜೀದೊಂದೇ."

ಬದರಿನಾಥರು ಕನ್ನಡಕ ಸರಿಮಾಡಿಕೊಂಡು ಚಿತ್ರವನ್ನು ನೆಲದ ಮೇಲೆ ಹರಡಿದರು. ಡಲ್ಲಾಸ್ ಜಾತ್ರೆ ಮೈದಾನದ ಆಳೆತ್ತರ ಮೀರಿದ ಕೌಬಾಯ್ ಬೊಂಬೆ ತನ್ನ ಬೂಟು ಕಳಚಿಟ್ಟು, ಪಂಚೆ ಉಟ್ಟು, ತಲೆಗೆ ಎಣ್ಣೆ ಹಚ್ಚಿಸಿಕೊಂಡು ನಿಂತಿತ್ತು. ಪೇಟೆ ನಡುವಿನ ದೈತ್ಯ ಕಣ್ಣಿನ ಪ್ರತಿಮೆಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿತ್ತು. ಕಂಚಿನ ಎತ್ತುಗಳ ಉದ್ದ ಕೊಂಬಿಗೆಲ್ಲ ಅರಿಸಿನ ಬಳಿದಿತ್ತು. ಹೆದ್ದಾರಿಯ ಟೋಲ್ ಬಳಿ ಸೌಟು ಹಿಡಿದ ಸೈನಿಕರು ಒಂದೊಂದೇ ಕಾರು ನಿಲ್ಲಿಸಿ, ಊಟ ಆಯಿತೇ ಎಂದು ವಿಚಾರಿಸುತ್ತಿದ್ದರು. ಇಲ್ಲ ಎಂದವರನ್ನು ಹಿಡಿದು ಎಲೆಯ ಮುಂದೆ ಕೂರಿಸಿದ್ದರು. ಆಯಿತು ಎಂದವರನ್ನೂ ಕೂರಿಸಿದ್ದರು.

"ಈ ಎತ್ತಿನ ಹಿಂದೆ ಬಚ್ಚಿಟ್ಟುಕೊಂಡಿರೋನು ಯಾರು?"

"ನೀವೇ ತಾತ. ಶರಣಾಗದೆ ಇರೋರು ನೀವೊಬ್ಬರೇ."

ಚಿತ್ರದ ಬದರಿನಾಥರು, ಸಕ್ಕರೆ ಕಾಯಿಲೆಯವರು ತಿನ್ನಬಾರದ ಮೈಸೂರುಪಾಕನ್ನು ಎರಡೂ ಕೈಯಲ್ಲಿ ಹಿಡಿದು ತಿನ್ನುತ್ತಿದ್ದರು. ಇಂದುಮತಿ ಸೆರಗಿಲ್ಲದ್ದರಿಂದ ಅಂಗೈಯನ್ನೇ ಬಾಯಿಗೆ ಅಡ್ಡ ಹಿಡಿದಳು. ಮಾವ ನಗಲಿಲ್ಲ.

"ತಪ್ಪು ಬರೆದಿದ್ದೀಯೆ" ಎಂದರು.

ಸಿಯಾಳ ಕಣ್ಣು ತುಂಬಿತು. ಇಂದುಮತಿ ಬಗ್ಗಿ ಚಿತ್ರವನ್ನು ಸುತ್ತತೊಡಗಿದಳು.

"ಸುತ್ತಬೇಡ, ತಾಳು." ಬದರಿನಾಥರ ಬೆರಳು ಊರಿನ ಎತ್ತರದ ಗೋಪುರದ ಮೇಲಿತ್ತು. ಅದರ ತುದಿಯ ಗೋಳದ ಮೇಲೆ ಶತ್ರುವಿನ ಬಾವುಟ ಹಾರುತ್ತಿತ್ತು. "ಅವಳು ಬಾವುಟ ಹಾರಿಸೋಳಲ್ಲ. ಇಷ್ಟು ಎತ್ತರದ, ಯಾರ ಕೈಯೂ ತಾಕದ ಜಾಗ ಸಿಕ್ಕಿದ್ರೆ ಮೊದಲು ಮಡಿ ಸೀರೆ ಒಣಗಿಸ್ತಾಳೆ."

ಇಂದುಮತಿಯ ಕೈ ನಿಂತಿತು. ಅತ್ತೆ ಬಂದ ಹೊಸತರಲ್ಲಿ ಹಿತ್ತಿಲ ಬೇಲಿಯಿಂದ ಓಕ್ ಮರಕ್ಕೆ ಹಗ್ಗ ಕಟ್ಟಿದ್ದರು. ಹೊರಗೆ ಬಟ್ಟೆ ಕಾಣುವಂತಿಲ್ಲವೆಂದು ಬಡಾವಣೆಯ ಸಂಘದವರು ಬಂದು ಹೇಳಿ ಹೋದರು. ಮಷೀನಿನಲ್ಲಿ ಒಣಗಿಸಿದರೆ ಅದು ಮಡಿಯಲ್ಲ. ಅಂದಿನಿಂದ ಕೊನೆಯವರೆಗೂ ತುಂಗಮ್ಮನ ಸೀರೆ ಗ್ಯಾರೇಜಿನಲ್ಲಿ, ಎರಡು ಕಾರುಗಳ ನಡುವೆ, ಪೆಟ್ರೋಲಿನ ವಾಸನೆಯಲ್ಲಿ ಒಣಗಿತು. ಈ ದೇಶದಲ್ಲಿ ಆಕೆ ಸೋತದ್ದು ಅದೊಂದರಲ್ಲೇ.

ಸಿಯಾ ಪೆನ್ಸಿಲು ತಂದು ಕೂತಳು. ಬಾವುಟ ಅಳಿಸಿ, ಗೋಪುರದಿಂದ ಪಕ್ಕದ ಕಟ್ಟಡಕ್ಕೆ ಒಂದು ಸೀರೆ ಕಟ್ಟಿದಳು.

"ಸಾಲದು. ಹದಿನೆಂಟು ಮೊಳದ್ದು."

ಸೀರೆ ಇನ್ನೊಂದು ಕಟ್ಟಡಕ್ಕೆ ಹೋಯಿತು. ಬ್ಯಾಂಕುಗಳ ನೆತ್ತಿಯ ಮೇಲೆ ಹಾದು, ಕಂಚಿನ ಎತ್ತುಗಳಿಗೆ ನೆರಳು ಮಾಡಿ, ಹಾಳೆಯ ಅಂಚಿಗೆ ಬಂದು ನಿಂತಿತು.

"ತಾತ, ಪೇಪರ್ ಮುಗೀತು."

"ಇನ್ನೊಂದು ಅಂಟಿಸು."

"ಅಂಟಿಸಿದ್ರೆ ತಗೊಳಲ್ಲ ತಾತ. ಇಷ್ಟೇ ಸೈಜ್ ಇರಬೇಕು ಅಂತ ಆಸ್ಟಿನ್‌ನೋರ ರೂಲ್."

ಬದರಿನಾಥರು ಗೋಂದಿನ ಬಾಟಲಿಯನ್ನು ಮೊಮ್ಮಗಳ ಮುಂದಕ್ಕೆ ಸರಿಸಿದರು.

"ಮಡಿಸಿ ಕಳಿಸು. ಸೀರೆ ತಾನೆ."